ಮೈಸೂರು ರಾಕೆಟ್ ಪಡೆ: ತಂತ್ರಜ್ಞಾನ ಮತ್ತು ಸೈನಿಕ ನಿರ್ವಹಣೆ

ಹದಿನೆಂಟನೆಯ ಶತಮಾನದ ಮೈಸೂರು ರಾಕೆಟ್ಟುಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಆ ಆಯುಧದ ರಚನೆಗೆ ಸೀಮಿತವಾಗಿದೆ. ಅದನ್ನು ಯುದ್ಧೋಪಯೋಗಿಯನ್ನಾಗಿಸಿದ ಸೈನಿಕ ವ್ಯವಸ್ಥೆಯೂ ಅಷ್ಟೇ ಪರಿಶೀಲನಾರ್ಹವಾದುದು.

'ಬಾಣ'ವೆಂದು ಕರೆಯಲ್ಪಡುತ್ತಿದ್ದ ಈ ಬಗೆಯ ಅಸ್ತ್ರ ಭಾರತದಲ್ಲಿ ಮೊದಲೇ ಬಳಕೆಯಲ್ಲಿತ್ತು. ಹೈದರ್ ಅಲಿ ಹಾಗೂ ಟಿಪ್ಪು ಸುಲ್ತಾನರ ಕಾಲದಲ್ಲಿ ಅದಕ್ಕೆ ಪ್ರಾಮುಖ್ಯ ದೊರೆತದ್ದು ಕಬ್ಬಿಣದ ಕೊಳವೆಯಿಂದ. ಕಾಗದ, ಬಿದಿರುಗಳ ಹೊದಿಕೆಗಿಂತ ಹೆಚ್ಚಿನ ಒತ್ತಡವನ್ನು ತಾಳುತ್ತಿದ್ದ ಈ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ತುಂಬಬಹುದಾಗಿದ್ದರಿಂದ ರಾಕೆಟ್ಟು ಒಂದು ಕಿಲೋಮೀಟರಿಗೂ ಮೀರಿ ಸಾಗುತ್ತಿತ್ತು. ಆದರೆ ಅದರ ಗುರಿ ನಿಖರವಾಗಿರಲಿಲ್ಲ. ಒಂಟಿ ರಾಕೆಟ್ಟಿನಿಂದ ಆಗದ ಕಾರ್ಯವು ಸಾಮೂಹಿಕ ಪ್ರಯೋಗದಿಂದ ಆಗಬೇಕಾಗಿತ್ತು. ಇದಕ್ಕೆ ತರಬೇತಿ ಪಡೆದ ತಂಡ, ನಿರಂತರ ಪೂರೈಕೆ, ಶಿಸ್ತಿನ ಅಧಿಕಾರ ಶ್ರೇಣಿ ಅನಿವಾರ್ಯವಾಗಿದ್ದವು.

ಟಿಪ್ಪುವಿನ ಆದೇಶದಂತೆ ಜೈನುಲ್ ಅಬಿದೀನ್ ಷೂಸ್ತರಿ ಪಾರಸಿಯಲ್ಲಿ ರಚಿಸಿದ 'ಫತಹುಲ್ ಮುಜಾಹಿದೀನ್' ಎಂಬ ಸೈನಿಕ ಕೈಪಿಡಿಯು ಈ ಅಗತ್ಯವನ್ನು ಗುರುತಿಸಿತ್ತು. ಪ್ರತಿ 'ಕುಷೂನ್' ದಳಕ್ಕೂ 200 ಮಂದಿ ರಾಕೆಟ್ ಯೋಧರನ್ನು ನಿಗದಿಪಡಿಸಲಾಗಿತ್ತು. ಹೊಸ ಆಯುಧವನ್ನು ಪ್ರತ್ಯೇಕವಾಗಿಡದೆ ಸೇನೆಯ ಮೂಲ ಘಟಕದಲ್ಲಿಯೇ ಸೇರಿಸಿದ್ದು ಇಲ್ಲಿಯ ಗಮನಾರ್ಹ ಅಂಶ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಹಾಗೂ ನಗರಗಳಲ್ಲಿದ್ದ ತಾರಾಮಂಡಲಪೇಟೆಗಳು ಈ ಕೈಗಾರಿಕೆಯ ವ್ಯಾಪ್ತಿಯನ್ನು ಸೂಚಿಸುತ್ತವೆ. 2018ರಲ್ಲಿ ನಗರದ ಹಾಳುಬಾವಿಯೊಂದರಲ್ಲಿ ದೊರೆತ ಸಾವಿರಕ್ಕೂ ಹೆಚ್ಚಿನ ರಾಕೆಟ್ ಕೊಳವೆಗಳು ರಾಜಧಾನಿಯಿಂದ ದೂರದಲ್ಲಿಯೂ ಸಂಗ್ರಹವಿತ್ತೆಂಬುದಕ್ಕೆ ಸಾಕ್ಷಿಯಾಗಿವೆ.

ಈ ವ್ಯವಸ್ಥೆಯ ಪರಿಣಾಮ ರಣರಂಗದಲ್ಲಿ ಕಂಡುಬಂದಿತು. 1780ರ ಪೊಲ್ಲಿಲೂರು ಯುದ್ಧದಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡುದಕ್ಕೆ ರಾಕೆಟ್ಟುಗಳೇ ಕಾರಣವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಕೆಟ್ ಮತ್ತು ಬಂದೂಕುಗಳ ದಾಳಿಗೆ ಸಿಲುಕಿ ಹಿಮ್ಮೆಟ್ಟಿತು. ಮರುದಿನ ಅದೇ ತೋಪು ಬ್ರಿಟಿಷರ ವಶವಾಯಿತೆಂಬುದು ಈ ಆಯುಧದ ಮಿತಿಯನ್ನೂ ತೋರಿಸುತ್ತದೆ.

ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡಾಗ ಈ ಪಡೆಗಿದ್ದ ರಾಜಾಶ್ರಯ ಕಳಚಿತು. ವಶಪಡಿಸಿಕೊಂಡ ಮೈಸೂರು ರಾಕೆಟ್ಟುಗಳು ಇಂಗ್ಲೆಂಡಿನ ವೂಲಿಚ್‌ಗೆ ಸಾಗಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗಗಳನ್ನು ನಡೆಸಿ, ಹಲವು ಗಾತ್ರದ ರಾಕೆಟ್ಟುಗಳನ್ನು ರೂಪಿಸಿ, ಅವುಗಳ ವಿವರಗಳನ್ನು ಪ್ರಕಟಿಸಿದನು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್ ನಗರಗಳ ಮೇಲೆ ಅವು ಪ್ರಯೋಗವಾದವು. ಮೈಸೂರು ಮತ್ತು ಬ್ರಿಟನ್ನಿನ ಈ ಸಂಬಂಧವನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಅಧ್ಯಯನದಲ್ಲಿ ವಿಶದಪಡಿಸಿದ್ದಾರೆ.

ಮೈಸೂರು ಅರಸರು ಹೊಸ ತಂತ್ರಕ್ಕೆ ಸೇನೆಯಲ್ಲಿ ಸ್ಥಾನವನ್ನೂ ನಿಯಮವನ್ನೂ ಕಲ್ಪಿಸಿದರು; ಆದರೆ ಆ ವಿದ್ಯೆ ರಾಜ್ಯದ ಆಯುಷ್ಯದೊಂದಿಗೆ ಬೆಸೆದುಕೊಂಡಿತ್ತು. ವೂಲಿಚ್‌ನಲ್ಲಿ ಅದು ಸಂಸ್ಥೆಯೊಂದರ ಸ್ವತ್ತಾಯಿತು. ಎರಡೂ ಪರಂಪರೆಗಳ ಮುಂದಿನ ಗತಿಯನ್ನು ನಿರ್ಧರಿಸಿದ ಮುಖ್ಯ ಭೇದವಿದು.