ಕಾಣದ ಅಂಗಗಳ ಚಿತ್ರಕ್ಕೆ ತೆತ್ತ ಬೆಲೆ

1895ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ವ್ಯುರ್ತ್ಸ್‌ಬುರ್ಗ್ ನಗರದಲ್ಲಿ ರೋಂಟ್‌ಗೆನ್ ಮಹಾಶಯನು ಕ್ಷ-ಕಿರಣಗಳನ್ನು ಕಂಡುಹಿಡಿದ ಸಂಗತಿ ಶಾಲೆಯ ಮಕ್ಕಳಿಗೂ ತಿಳಿದದ್ದೇ. ಆ ಕಿರಣಗಳು ಮಾಂಸವನ್ನು ಹಾದುಹೋಗಿ ಎಲುಬಿನ ನೆರಳನ್ನು ಫಲಕದ ಮೇಲೆ ಮೂಡಿಸಿದಾಗ ಜಗತ್ತು ಬೆರಗಾಯಿತು. ಬೆರಗು ಇಳಿದ ಮೇಲೆ ವೈದ್ಯರಿಗೆ ಒಂದು ಕೊರತೆ ತೋರಿತು. ಮನುಷ್ಯನನ್ನು ಕಾಡುವ ರೋಗಗಳಲ್ಲಿ ಬಹುಪಾಲು ಎಲುಬಿನವಲ್ಲ. ಜಠರ, ಕರುಳು, ಮೂತ್ರಪಿಂಡ, ರಕ್ತನಾಳ, ಮಿದುಳು ಇವುಗಳವು. ಕ್ಷ-ಕಿರಣದ ಮುಂದೆ ಈ ಮೆತ್ತನೆಯ ಅಂಗಗಳೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಬೇಕಾದರೆ, ಕಿರಣವನ್ನು ತಡೆಯಬಲ್ಲ ವಸ್ತುವೊಂದನ್ನು ಅದರೊಳಗೆ ತುಂಬಬೇಕು. ಇಂದು ಆಸ್ಪತ್ರೆಯವರು ‘ಕಾಂಟ್ರಾಸ್ಟ್’ ಎಂದೂ ರೋಗಿಗಳು ‘ಡೈ’ ಎಂದೂ ಕರೆಯುವ ಪದಾರ್ಥ ಹುಟ್ಟಿದ್ದು ಈ ಅಗತ್ಯದಿಂದ. ಅದರ ಚರಿತ್ರೆ ಸ್ವಾರಸ್ಯವಾದದ್ದು; ಅಲ್ಲಲ್ಲಿ ದಾರುಣವಾದದ್ದೂ ಹೌದು.

ಮೊದಲ ಪ್ರಯೋಗ ನಡೆದದ್ದು ಬದುಕಿರುವವರ ಮೇಲಲ್ಲ. 1896ರ ಜನವರಿಯಲ್ಲೇ ವಿಯೆನ್ನಾದ ಹಾಷೆಕ್ ಮತ್ತು ಲಿಂಡೆಂಥಾಲ್ ಎಂಬಿಬ್ಬರು ಶವದ ಕೈಯೊಂದರ ರಕ್ತನಾಳಗಳಿಗೆ ಸುಣ್ಣ, ಇಂಗಲೀಕ, ಕಲ್ಲೆಣ್ಣೆಗಳ ಮಿಶ್ರಣವನ್ನು ತುಂಬಿ ಚಿತ್ರ ತೆಗೆದರು. ನಾಳಗಳು ಬೇರುಬೇರಾಗಿ, ಕವಲುಕವಲಾಗಿ ಕಂಡವು. ಆದರೆ ಪಾದರಸದ ಆ ಮಿಶ್ರಣವನ್ನು ಜೀವಂತ ಮನುಷ್ಯನಿಗೆ ಕೊಡುವಂತಿರಲಿಲ್ಲ. ಜಠರ, ಕರುಳುಗಳ ಮಟ್ಟಿಗೆ ದಾರಿ ಬೇಗ ದೊರೆಯಿತು. ಅಮೆರಿಕದ ಹಾರ್ವರ್ಡ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಪ್ರಾಣಿಗಳಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರ ತಿನ್ನಿಸಿ ಜಠರದ ಚಲನೆಯನ್ನು ನೋಡಿದನು. ಮನುಷ್ಯರಿಗೂ ಬಿಸ್ಮತ್ತಿನ ಊಟ ಬಂದಿತು. ಅದರಿಂದ ಕೆಲವರಿಗೆ ವಿಷವೇರಿತು. 1910ರ ಸುಮಾರಿಗೆ ಅದರ ಜಾಗಕ್ಕೆ ಬೇರಿಯಂ ಸಲ್ಫೇಟ್ ಬಂದಿತು. ಬೇರಿಯಂ ಸ್ವತಃ ವಿಷ. ಆದರೆ ಈ ಲವಣ ನೀರಿನಲ್ಲಿ ಕರಗದು, ದೇಹ ಅದನ್ನು ಹೀರದು, ಬಂದ ದಾರಿ ಹಿಡಿದು ಹೊರಟುಹೋಗುತ್ತದೆ. ಇಂದಿಗೂ ಅದು ಬಳಕೆಯಲ್ಲಿದೆ.

ರಕ್ತಕ್ಕೆ ಸೇರಿಸುವ ವಸ್ತುವಿನ ಮಾತು ಬೇರೆ. ಅದು ಕರಗಬೇಕು, ಕಾಣಬೇಕು, ಕೆಲಸ ಮುಗಿದ ಮೇಲೆ ಹೊರಟುಹೋಗಬೇಕು. ಈ ಗುಣಗಳು ಅಯೊಡೀನಿಗೆ ಒಗ್ಗುತ್ತವೆಂಬುದು ತಿಳಿದದ್ದು ಬೇರೊಂದು ರೋಗದ ಚಿಕಿತ್ಸೆಯಿಂದ. ಉಪದಂಶ ರೋಗಿಗಳಿಗೆ ಸೋಡಿಯಂ ಅಯೊಡೈಡ್ ಕೊಡುತ್ತಿದ್ದ ಕಾಲದಲ್ಲಿ, ಅವರ ಮೂತ್ರಕೋಶ ಕ್ಷ-ಕಿರಣಕ್ಕೆ ಕಾಣುವುದನ್ನು 1923ರಲ್ಲಿ ಅಮೆರಿಕದ ಆಸ್‌ಬರ್ನ್ ಮತ್ತು ಸಂಗಡಿಗರು ಪ್ರಕಟಿಸಿದರು. 1929ರಲ್ಲಿ ಜರ್ಮನಿಯಲ್ಲಿ ಕೆಲಸಮಾಡುತ್ತಿದ್ದ ಮೋಸೆಸ್ ಸ್ವಿಕ್ ಎಂಬ ತರುಣ ಅಮೆರಿಕನ್ ವೈದ್ಯನು ಅಯೊಡೀನ್ ಸೇರಿದ ‘ಯುರೊಸೆಲೆಕ್ಟಾನ್’ ಎಂಬ ಔಷಧದಿಂದ ಮೂತ್ರಪಿಂಡಗಳ ಸ್ಪಷ್ಟ ಚಿತ್ರವನ್ನು ಪಡೆದನು. ಷೆರಿಂಗ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಶ್ರೇಯಸ್ಸಿನ ದೊಡ್ಡ ಪಾಲನ್ನು ಬರ್ಲಿನ್ನಿನ ಹಿರಿಯ ಪ್ರಾಧ್ಯಾಪಕರು ಪಡೆದರು. ಸ್ವಿಕ್‌ನಿಗೆ ಸಲ್ಲಬೇಕಾದ ಮನ್ನಣೆ ದಶಕಗಳ ನಂತರ ಸಂದಿತು. ವಿದ್ವತ್ತಿನ ಲೋಕದಲ್ಲಿ ಇದೇನೂ ಹೊಸದಲ್ಲ.

ಇಷ್ಟರಲ್ಲಿ ಇನ್ನೊಂದು ವಸ್ತು ಕಾಣಿಸಿಕೊಂಡಿತು. ಅಂದಿನ ಅಯೊಡೀನ್ ದ್ರವಗಳು ನಾಳದೊಳಗೆ ಹೋದಾಗ ಬೆಂಕಿ ಹರಿದಂತೆ ಉರಿಯುತ್ತಿದ್ದವು. 1930ರ ಸುಮಾರಿಗೆ ಜರ್ಮನಿಯ ಹೈಡನ್ ಕಂಪನಿ ಮಾರಾಟಕ್ಕಿಟ್ಟ ‘ಥೊರೊಟ್ರಾಸ್ಟ್’ ಹಾಗಲ್ಲ. ಥೋರಿಯಂ ಆಕ್ಸೈಡಿನ ಸೂಕ್ಷ್ಮ ಕಣಗಳಿದ್ದ ಆ ದ್ರವ ನೋಯಿಸುತ್ತಿರಲಿಲ್ಲ, ವಾಕರಿಕೆ ತರುತ್ತಿರಲಿಲ್ಲ. ಚಿತ್ರವಂತೂ ಬಲು ಸ್ಫುಟ. ಮಿದುಳಿನ ರಕ್ತನಾಳಗಳನ್ನು ಮೊದಲು ಚಿತ್ರಿಸಿದ ಪೋರ್ಚುಗಲ್ಲಿನ ಎಗಾಸ್ ಮೋನಿಸ್ ಸಹ ಅಯೊಡೈಡನ್ನು ಬಿಟ್ಟು ಇದನ್ನೇ ಹಿಡಿದನು. ಆದರೆ ಥೋರಿಯಂ ವಿಕಿರಣಶೀಲ ಧಾತು. ಈ ಕಣಗಳು ದೇಹವನ್ನು ಬಿಟ್ಟು ಹೋಗುವುದೂ ಇಲ್ಲ. ಯಕೃತ್ತು, ಗುಲ್ಮ, ಎಲುಬಿನ ಮಜ್ಜೆಗಳಲ್ಲಿ ನೆಲಸಿ, ರೋಗಿ ಬದುಕಿರುವಷ್ಟು ಕಾಲವೂ ಕಿರಣವನ್ನು ಬೀರುತ್ತವೆ. ಅಮೆರಿಕದ ವೈದ್ಯಕೀಯ ಸಂಘದ ಮಂಡಲಿ 1932ರಲ್ಲೇ ಎಚ್ಚರಿಸಿತು. ಮಾತು ಯಾರ ಕಿವಿಗೂ ಬೀಳಲಿಲ್ಲವೆಂದಲ್ಲ. ಕಣ್ಣೆದುರಿನ ಚಿತ್ರ ಚೆನ್ನಾಗಿತ್ತು, ಎದುರಿನ ರೋಗಿ ನಗುತ್ತಲೇ ಮನೆಗೆ ಹೋಗುತ್ತಿದ್ದನು. ವಿಪತ್ತು ಬರುವುದು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ. 1947ರಲ್ಲಿ ಯಕೃತ್ತಿನ ಅಪರೂಪದ ಅರ್ಬುದರೋಗಕ್ಕೂ ಇದಕ್ಕೂ ಸಂಬಂಧ ಕಂಡಿತು. ಆದರೂ 1950ರ ದಶಕದವರೆಗೆ ಬಳಕೆ ಸಾಗಿತು. ಅಷ್ಟರಲ್ಲಿ ಜಗತ್ತಿನ ಲಕ್ಷಾಂತರ ಜನರ ದೇಹ ಸೇರಿತ್ತು. ಜರ್ಮನಿ, ಡೆನ್ಮಾರ್ಕ್, ಪೋರ್ಚುಗಲ್, ಜಪಾನ್ ದೇಶಗಳಲ್ಲಿ ಈ ಜನರನ್ನು ಹುಡುಕಿ ಅವರ ರೋಗಗಳನ್ನೂ ಸಾವುಗಳನ್ನೂ ದಾಖಲಿಸುವ ಕಾರ್ಯ ದಶಕಗಟ್ಟಲೆ ನಡೆಯಿತು.

ಹೀಗೆ ನೋಯಿಸದ ದ್ರವ ಕೊಂದಿತು. ಉಳಿದದ್ದು ನೋಯಿಸುವ ಅಯೊಡೀನ್. ಆ ನೋವನ್ನು ಸಮಸ್ಯೆಯೆಂದು ತಿಳಿದವರು ವಿರಳ. ಪರೀಕ್ಷೆಯೆಂದ ಮೇಲೆ ಉರಿ ಇದ್ದದ್ದೇ ಎಂಬುದು ರೂಢಿಯಾಗಿತ್ತು. ಸ್ವೀಡನ್ನಿನ ಮಾಲ್ಮೋ ನಗರದ ವೈದ್ಯ ಟೋರ್ಸ್ಟೆನ್ ಆಲ್ಮೇನ್ ರೂಢಿಗೆ ಒಪ್ಪಲಿಲ್ಲ. ಉಪ್ಪು ಹೆಚ್ಚಿರುವ ಪಶ್ಚಿಮದ ಕಡಲಿನಲ್ಲಿ ಕಣ್ಣು ತೆರೆದರೆ ಉರಿ, ಉಪ್ಪು ಕಡಿಮೆಯಿರುವ ಬಾಲ್ಟಿಕ್ಕಿನಲ್ಲಿ ಅಷ್ಟಿಲ್ಲ ಎಂಬ ಈಜಿನ ಅನುಭವ ಅವನಿಗೆ ದಾರಿ ತೋರಿಸಿತು. ಅಂದಿನ ಅಯೊಡೀನ್ ದ್ರವಗಳೂ ಲವಣಗಳೇ. ರಕ್ತಕ್ಕಿಂತ ಐದಾರು ಪಟ್ಟು ಗಡುಸು. ಉಪ್ಪು ಸವರಿದ ಮಾವಿನ ಹೋಳು ನೀರು ಬಿಟ್ಟು ಸುಕ್ಕಾಗುವಂತೆ ರಕ್ತದ ಕಣಗಳು ಸುಕ್ಕಾಗುತ್ತಿದ್ದವು. ನೀರಿನಲ್ಲಿ ಎರಡಾಗಿ ಒಡೆಯದ ಅಣುವನ್ನು ರಚಿಸಿದರೆ ಉರಿ ತಗ್ಗೀತೆಂದು ಅವನು ತರ್ಕಿಸಿದನು. ಲವಣವಲ್ಲದ ಪದಾರ್ಥ ಅಷ್ಟಾಗಿ ಕರಗದೆಂಬ ನಂಬಿಕೆಯಿದ್ದ ಕಾಲವದು. ದೊಡ್ಡ ಕಂಪನಿಗಳು ಆಸಕ್ತಿ ತೋರಲಿಲ್ಲ. 1968ರಲ್ಲಿ ಕೈಹಿಡಿದದ್ದು ನಾರ್ವೆಯ ನ್ಯೂಗಾರ್ಡ್ ಎಂಬ ಸಣ್ಣ ಕಂಪನಿ. ಅದರಿಂದ 1970ರ ದಶಕದಲ್ಲಿ ಮೆಟ್ರಿಜಮೈಡ್, 1982ರಲ್ಲಿ ಐಯೋಹೆಕ್ಸಾಲ್ ಹೊರಬಂದವು.

ಆಮೇಲೆ ಎದ್ದದ್ದು ಬೆಲೆಯ ಪ್ರಶ್ನೆ. ಅಮೆರಿಕದಲ್ಲಿ ಹೊಸ ದ್ರವಕ್ಕೆ ಹಳೆಯದರ ಹತ್ತು ಪಟ್ಟಿಗಿಂತಲೂ ಹೆಚ್ಚು ಬೆಲೆ. ಹಳೆಯದರಿಂದಲೇ ಬಹುಪಾಲು ಜನ ಕ್ಷೇಮವಾಗಿರುವಾಗ ಎಲ್ಲರಿಗೂ ಇದೇಕೆ, ಅಪಾಯವಿರುವವರಿಗಷ್ಟೇ ಕೊಟ್ಟರೆ ಸಾಲದೆ ಎಂಬ ವಾದ ಹುಟ್ಟಿತು. 1990ರಲ್ಲಿ ಜಪಾನಿನ ಕತಯಾಮಾ ಮತ್ತು ಸಂಗಡಿಗರು 3,37,647 ಪರೀಕ್ಷೆಗಳ ಲೆಕ್ಕವನ್ನು ಮುಂದಿಟ್ಟರು. ತೀವ್ರವಾದ ತೊಂದರೆ ಹಳೆಯ ದ್ರವದಲ್ಲಿ ಹತ್ತು ಸಾವಿರಕ್ಕೆ 22, ಹೊಸದರಲ್ಲಿ 4. ಹದಿನೆಂಟು ಜನರ ಸಂಕಟಕ್ಕೆ ಬೆಲೆ ಕಟ್ಟುವವರಾರು? ಕ್ರಮೇಣ ಬೆಲೆ ಇಳಿಯಿತು, ಹಳೆಯ ದ್ರವ ನಾಳಗಳಿಂದ ಹಿಂದೆ ಸರಿಯಿತು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಐಯೋಹೆಕ್ಸಾಲ್ ಸೇರಿದೆ.

ಚರಿತ್ರೆ ಇಲ್ಲಿಗೆ ಮುಗಿದಿಲ್ಲ. ಈ ದ್ರವಗಳ ಜಾಗತಿಕ ವ್ಯಾಪಾರದ ಬಹುಭಾಗ ಜಿಇ, ಬೇಯರ್, ಬ್ರಾಕೊ, ಗೆರ್ಬೆ ಎಂಬ ನಾಲ್ಕು ಕಂಪನಿಗಳ ಕೈಯಲ್ಲಿದೆ. ಬೇಕಾದ ಅಯೊಡೀನಿನ ಬಹುಪಾಲು ಬರುವುದು ಚಿಲಿಯ ಮರುಭೂಮಿಯಿಂದ, ಜಪಾನಿನ ನೆಲದಡಿಯ ಉಪ್ಪುನೀರಿನಿಂದ. 2022ರಲ್ಲಿ ಸಾಂಕ್ರಾಮಿಕದ ದಿಗ್ಬಂಧನದಿಂದ ಷಾಂಘೈನ ಒಂದು ಕಾರ್ಖಾನೆಯ ಉತ್ಪಾದನೆ ಕುಂಠಿತವಾದದ್ದೇ ತಡ, ಅಮೆರಿಕದ ಆಸ್ಪತ್ರೆಗಳು ದ್ರವವನ್ನು ಅಳೆದು ಹಂಚಿದವು. ತುರ್ತಲ್ಲದ ಸ್ಕ್ಯಾನ್‌ಗಳನ್ನು ಮುಂದೂಡಿದವು. ಸಂಪತ್ತಿನ ಶಿಖರದಲ್ಲಿರುವ ದೇಶದ ಪಾಡೇ ಹೀಗಾದರೆ ಉಳಿದವರ ಗತಿಯೇನೆಂದು ಯೋಚಿಸಬೇಕಾದದ್ದೇ.

ಕಾಣುವುದೇ ಎಂಬುದು ಮೊದಲ ತಲೆಮಾರಿನವರ ಪ್ರಶ್ನೆ. ಹೊರಹೋಗುವುದೇ ಎಂದು ಕೇಳುವುದನ್ನು ಥೊರೊಟ್ರಾಸ್ಟ್ ಕಲಿಸಿತು. ನೋಯಿಸುವುದೇ ಎಂದು ಕೇಳುವುದನ್ನು ಆಲ್ಮೇನ್ ಕಲಿಸಿದನು. ಬೇಕಾದಾಗ ಎಲ್ಲರಿಗೂ ಸಿಗುವುದೇ ಎಂಬುದು ನಮ್ಮ ತಲೆಮಾರಿನ ಪಾಲಿಗೆ ಬಂದಿರುವ ಪ್ರಶ್ನೆ. ಹಿಂದಿನ ಪ್ರಶ್ನೆಗಳಿಗೆ ಉತ್ತರ ತಡವಾಗಿ ಬಂದಾಗ ತೆತ್ತವರು ರೋಗಿಗಳು ಎಂಬುದನ್ನು ಮರೆಯದಿದ್ದರೆ ಸಾಕು.