ಮನೆ ಬಾವಿ: ಹಕ್ಕು ಮತ್ತು ಪರವಾನಗಿ (ಮಾನ್ವಿ ಸೀಮೆ)

ಹರಿದಾಸರಾದ ವಿಜಯದಾಸರ (1682–1755) ಹುಟ್ಟೂರಾದ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ಹೊಳೆ ಎಷ್ಟೇ ಹತ್ತಿರವಿದ್ದರೂ ಹೊಳೆಯ ನೀರು ಊರಿನದು, ಹಿತ್ತಲ ಬಾವಿಯದು ಮನೆಯದು. ಕಾನೂನಿಗೂ ಬಹುಕಾಲ ಇದೇ ನಂಬಿಕೆಯಿತ್ತು.

ಭೂಮಿಯೊಳಗೆ ಗೊತ್ತಾದ ಜಾಡಿಲ್ಲದೆ ಜಿನುಗುವ ನೀರನ್ನು ತನ್ನ ಗಡಿಯೊಳಗೆ ಎತ್ತಿಕೊಳ್ಳುವುದು ನೆಲದ ಒಡೆಯನ ಹಕ್ಕೆಂದು 1859ರಲ್ಲಿ ಇಂಗ್ಲೆಂಡಿನ ಚೇಸ್‌ಮೋರ್ ಮೊಕದ್ದಮೆ ಹೇಳಿತು. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಅದನ್ನೇ ಬರೆದುಕೊಂಡಿತು. ಮಾನ್ವಿ ಸೇರಿದ ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿದ್ದು, ಆ ಕಾಯ್ದೆಯ ಹೊರಗಿತ್ತು. 1956ರಲ್ಲಿ ಮೈಸೂರು ರಾಜ್ಯ ಸೇರಿತು. ನೆಲದ ಒಡೆಯನದೇ ನೀರೆಂಬ ಈ ತತ್ವದ ಪ್ರಕಾರ ಪಕ್ಕದವರ ಆಳದ ಬೋರಿನಿಂದ ನಮ್ಮ ಸೇದೋ ಬಾವಿ ಬತ್ತಿದರೂ ಕೇಳುವ ದಾರಿ ಕಡಿಮೆ. ನೆಲವಿಲ್ಲದವರಿಗಂತೂ ನೀರಿನ ಹಕ್ಕೇ ಇಲ್ಲ.

ಯಾರು ಸೇದಬಹುದೆಂಬ ಪ್ರಶ್ನೆ ಇದಕ್ಕಿಂತ ಹಳೆಯದು, ಹೆಚ್ಚು ನೋವಿನದು. ಸಂವಿಧಾನದ 15(2)ನೇ ವಿಧಿ ಜಾತಿಯ ಕಾರಣಕ್ಕೆ ಬಾವಿಯಿಂದ ದೂರವಿಡುವುದನ್ನು ನಿಷೇಧಿಸಿತು. ಆದರೆ ಸರ್ಕಾರಿ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಬಿಟ್ಟ ಬಾವಿಗಳಿಗಷ್ಟೇ ಅದರ ಹೆಸರು ಹೇಳಿದ ರಕ್ಷಣೆ. ಹಿತ್ತಲ ಬಾವಿ ಅದರ ಹೊರಗುಳಿಯಿತು.

ಪರವಾನಗಿ ಬಂದದ್ದು ತಡವಾಗಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಬಾವಿ ತೋಡಲು 1999ರ ರಾಜ್ಯ ಕಾಯ್ದೆ ಅನುಮತಿ ಕಡ್ಡಾಯ ಮಾಡಿತು. ಪಂಚಾಯಿತಿಯ ಬೋರಿನ ಸುತ್ತ ಇಷ್ಟು ದೂರ ಅಳೆದರೆ ಸಣ್ಣ ಊರಿನ ಬಹುತೇಕ ಹಿತ್ತಲುಗಳು ಒಳಗೇ ಬೀಳುತ್ತವೆ! 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಪರವಾನಗಿ, ಇದ್ದ ಬಾವಿಗೆ ನೋಂದಣಿ ಕೇಳಿತು. ಕೈಪಂಪಿಗೂ ಹಗ್ಗ-ಕೊಡದಿಂದ ಸೇದುವ ಬಾವಿಗೂ ವಿನಾಯಿತಿ. ಅಂದರೆ ಕಾನೂನಿನ ಕಣ್ಣು ಬಾವಿಗಿಂತ ಮೋಟರಿನ ಮೇಲೆ.

ಪರವಾನಗಿಯ ಜೊತೆಗೆ ಸುರಕ್ಷತೆಯ ನಿಯಮವೂ ಬಂತು. 2007ರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಬಾಯ್ದೆರೆದ ಕೊಳವೆಬಾವಿಗೆ ಬಿದ್ದು ಬಾಲಕನೊಬ್ಬ ಅಸುನೀಗಿದ. ಇಂಥ ಸಾವುಗಳು ದೇಶದ ಬೇರೆಡೆಯೂ ನಡೆದಿದ್ದರಿಂದ ಸುಪ್ರೀಂ ಕೋರ್ಟ್ 2010ರ ಫೆಬ್ರುವರಿಯಲ್ಲಿ ನಿಯಮ ಹಾಕಿತು: ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತ ಸೂಚನೆ, ಕೊರೆಯುವಾಗ ಸುತ್ತ ಮುಳ್ಳುತಂತಿ ಬೇಲಿ ಮತ್ತು ಫಲಕ, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ. ಪೈಪಿನ ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡು ಅಥವಾ ನಟ್ಟು-ಬೋಲ್ಟಿನಿಂದ ಬಿಗಿದ ಗಟ್ಟಿ ಮುಚ್ಚಳವೇ ಆಗಬೇಕು. ಗೋಣಿಚೀಲ ಹಾಸಿ ಕಲ್ಲು ಹೇರಿದರೆ ಸಾಲದು.