ಸಂಬಳ ಕೊಟ್ಟವನೇ ದೊರೆ: ರೋಮ್, ಶ್ರೀರಂಗಪಟ್ಟಣ ಮತ್ತು ನಮ್ಮ ಬೂದಿಕೋಟೆ

ರೋಮ್ ಯಾಕೆ ಬಿತ್ತು ಅಂತ ಹುಡುಕಿದರೆ ನೂರು ಉತ್ತರ ಸಿಗುತ್ತವೆ. ನನಗೆ ಮುಖ್ಯ ಅನಿಸೋದು ಒಂದೇ ಪ್ರಶ್ನೆ: ದೊರೆ ಸತ್ತ ಮರುದಿನ, ಮುಂದಿನವನು ಯಾರು ಅಂತ ಹೇಳೋರು ಯಾರು?

ರೋಮ್‌ನಲ್ಲಿ ಇದಕ್ಕೆ ಬರೆದಿಟ್ಟ ನಿಯಮ ಇರಲಿಲ್ಲ. ನೆರ್ವಾನಿಂದ ಆಂಟೊನೈನಸ್ ಪಯಸ್‌ವರೆಗೆ ನಾಲ್ವರು ಚಕ್ರವರ್ತಿಗಳು ಸಮರ್ಥರನ್ನು ದತ್ತು ತಗೊಂಡು ಪಟ್ಟ ಕಟ್ಟಿದರು. ಇದನ್ನು ಪ್ರತಿಭೆಗೆ ಸಿಕ್ಕ ಮನ್ನಣೆ ಅಂತ ಹೊಗಳುವವರು ಒಂದು ಮಾತು ಬಿಟ್ಟುಬಿಡ್ತಾರೆ: ಆ ನಾಲ್ವರಲ್ಲಿ ಯಾರಿಗೂ ಉಳಿದ ಗಂಡುಮಗ ಇರಲಿಲ್ಲ. ಮಗನಿದ್ದ ಮಾರ್ಕಸ್ ಆರೇಲಿಯಸ್ 180ರಲ್ಲಿ ರಾಜ್ಯ ಬಿಟ್ಟುಹೋದದ್ದು ಮಗ ಕೊಮೋಡಸ್‌ಗೇ. 192ರ ಕೊನೆಯ ದಿನ ಅವನ ಕೊಲೆಯಾಯಿತು. ನಂತರ ಬಂದ ಪರ್ಟಿನಾಕ್ಸ್‌ನನ್ನು 87 ದಿನಕ್ಕೆ ಕೊಂದ ಅರಮನೆಯ ಕಾವಲು ಪಡೆ ಸಿಂಹಾಸನವನ್ನು ಹರಾಜಿಗೇ ಇಟ್ಟಿತು. ಸೈನಿಕನಿಗೆ ತಲಾ 25,000 ಸೆಸ್ಟರ್ಷಿಯಸ್ ಕೂಗಿದ ಡಿಡಿಯಸ್ ಜೂಲಿಯಾನಸ್ ಗೆದ್ದ, 66 ದಿನ ಆಳಿದ, ಸತ್ತ. 235ರಿಂದ 284ರ ನಡುವೆ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು.

ಇದೆಲ್ಲ ದೂರದ ಕತೆ ಅನಿಸಿದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ ಬನ್ನಿ. ಕೆಜಿಎಫ್ ಅಂದರೆ ಸಿನಿಮಾ, ಚಿನ್ನ ಅಷ್ಟೇ ಅಂದುಕೊಂಡವರಿಗೆ ಹೇಳ್ತೀನಿ, ಹೈದರಾಲಿ ಹುಟ್ಟಿದ್ದು ಇಲ್ಲೇ.

ಅವನು ಬೆಳೆದ ಮೈಸೂರಿನಲ್ಲಿ ಅರಸರಿದ್ದರು, ಅಧಿಕಾರ ಮಾತ್ರ ದಳವಾಯಿಗಳ ಕೈಲಿತ್ತು. 1734ರಲ್ಲಿ ಅವರು ಚಾಮರಾಜ ಒಡೆಯರನ್ನು ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದರು, ಪುಟ್ಟ ಹುಡುಗನನ್ನು ಇಮ್ಮಡಿ ಕೃಷ್ಣರಾಜ ಒಡೆಯರ್ ಅಂತ ಕೂರಿಸಿದರು. ಮುಂದೆ ಸರ್ವಾಧಿಕಾರಿ ನಂಜರಾಜಯ್ಯ ತಿರುಚಿರಾಪಳ್ಳಿಯ ಆಸೆಗೆ ಬಿದ್ದು ವರ್ಷಗಟ್ಟಲೆ ದಂಡಯಾತ್ರೆ ಮಾಡಿ ಬೊಕ್ಕಸ ಬರಿದು ಮಾಡಿದ. ಉಳಿದಿದ್ದಕ್ಕೆ ಮರಾಠರು ಕೈ ಹಾಕಿದರು. 1758ರಲ್ಲಿ ಸಂಬಳ ಬಾಕಿ ಅಂತ ಸೈನಿಕರು ಶ್ರೀರಂಗಪಟ್ಟಣದಲ್ಲಿ ಧರಣಿ ಕೂತರು. ಬಾಕಿ ತೀರಿಸಿ ಅವರನ್ನು ಎಬ್ಬಿಸಿದವನು ಹೈದರ್. ಮೈಸೂರಿನ ದಿಕ್ಕು ಬದಲಾದದ್ದು ಯಾವ ಯುದ್ಧಭೂಮಿಯಲ್ಲೂ ಅಲ್ಲ, ಈ ಬಟವಾಡೆಯಲ್ಲಿ ಅಂತ ನನ್ನ ವಾದ. ಅರಮನೆ ಸುಮ್ಮನಿರಲಿಲ್ಲ. 1760ರಲ್ಲಿ ಹೈದರನದೇ ಆಳು ಖಂಡೇರಾಯನನ್ನು ತನ್ನ ಕಡೆ ಸೆಳೆದು ಅವನನ್ನು ಓಡಿಸಿತು. ಮರುವರ್ಷ ಹೈದರ್ ವಾಪಸ್ ಬಂದ, ಖಂಡೇರಾಯ ಪಂಜರ ಸೇರಿದ.

ಹೈದರ್ ಸಿಂಹಾಸನ ಏರಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ. ಒಡೆಯರ ಪಟ್ಟ ನಡೀತಾನೇ ಇತ್ತು, ಯಾರು ಕೂರಬೇಕು ಅಂತ ತೀರ್ಮಾನಿಸುವವನು ಇವನು. ಹಳೆಯ ಹೆಸರಿನ ಕೆಳಗೆ ಹೊಸ ಅಧಿಕಾರ. ಆಗಸ್ಟಸ್ ಕೂಡ ರೋಮ್‌ನ ಸೆನೆಟ್ಟನ್ನು ಮುಚ್ಚಿರಲಿಲ್ಲ, ನೆನಪಿರಲಿ. ಎಂಜಿನಿಯರಿಂಗ್ ಓದಿದವನ ಕಣ್ಣಿಗೆ ಇದು ಒಂದೇ ಕಂಬದ ಮೇಲೆ ನಿಂತ ಸೂರು. ಕಂಬ ಹೋದ ದಿನ ಏನು?

ಆ ದಿನ 1782ರ ಡಿಸೆಂಬರ್ 7ರಂದು ಬಂತು. ಬ್ರಿಟಿಷರ ಜೊತೆ ಯುದ್ಧ ನಡೀತಿರುವಾಗಲೇ ಹೈದರ್ ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ತೀರಿಕೊಂಡ. ಟಿಪ್ಪು ಇದ್ದದ್ದು ದೂರದ ಮಲಬಾರ್ ತೀರದಲ್ಲಿ. ಪೂರ್ಣಯ್ಯ ಮತ್ತು ಕೃಷ್ಣರಾಯರು ಸಾವಿನ ಸುದ್ದಿಯನ್ನೇ ಮುಚ್ಚಿಟ್ಟರು. ಕ್ರಿ.ಶ. 54ರಲ್ಲಿ ಕ್ಲಾಡಿಯಸ್ ಸತ್ತಾಗ, ನೀರೋನನ್ನು ಮುಂದೆ ತರುವವರೆಗೆ ಅಗ್ರಿಪಿನಾ ಮಾಡಿದ್ದೂ ಇದೇ. ಶವವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿ, ಹೈದರನ ತಂದೆ ಫತೇ ಮೊಹಮ್ಮದನ ಗೋರಿಯ ಬಳಿ ಇಟ್ಟರು. ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಅಷ್ಟರಲ್ಲಿ ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸುವ ಒಂದು ಸಂಚೂ ನಡೆದು ಮುರಿದುಬಿತ್ತು. ಟಿಪ್ಪು ಬಂದು ಅಧಿಕಾರ ಹಿಡಿದ.

1796ರಲ್ಲಿ ಹೆಸರಿಗಿದ್ದ ಒಡೆಯರೂ ತೀರಿಕೊಂಡಾಗ ಟಿಪ್ಪು ಇನ್ನೊಬ್ಬರನ್ನು ಕೂರಿಸಲೇ ಇಲ್ಲ. ಮೂರು ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಬ್ರಿಟಿಷರು ಅವನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. ದಿವಾನರಾಗಿ ಆಡಳಿತ ನಡೆಸಲು ಅವರು ಆರಿಸಿದ್ದು ಪೂರ್ಣಯ್ಯನವರನ್ನು.